ಮನೆಯ ಆರ್.ಸಿ.ಸಿ.ಬಿ. – ಗುರುತಿಸುವುದು, ಪರೀಕ್ಷಿಸುವುದು ಮತ್ತು ಬದಲಾಯಿಸುವುದು: ಕೋಲಾರ, ಮಾಲೂರು, ಮುಳಬಾಗಿಲು ಹಾಗೂ ಶ್ರೀನಿವಾಸಪುರ ತಾಲ್ಲೂಕುಗಳ ಗೃಹ ಬಳಕೆದಾರರಿಗೆ ಮಾಹಿತಿ

ಹೊಸ ವಿದ್ಯುತ್ ಸಂಪರ್ಕ, ಹೆಚ್ಚುವರಿ ಹೊರೆ ಮಂಜೂರಾತಿ, ಹೆಸರು ಬದಲಾವಣೆ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರು ತಮ್ಮ ಮನೆಯ ಆರ್.ಸಿ.ಸಿ.ಬಿ. ಸಾಧನದ ಬಗ್ಗೆ ಕೆಲವು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಸಾಧನವು ಪದೇ ಪದೇ ಏಕೆ ಬೀಳುತ್ತದೆ, ಅದನ್ನು ತೆಗೆದುಹಾಕಬಹುದೇ, ಹಳೆಯದರ ಮಾದರಿ ಈಗ ದೊರೆಯದಿದ್ದರೆ ಏನು ಮಾಡಬೇಕು, ವಿದೇಶದಲ್ಲಿರುವ ಮಗ ತಂದುಕೊಟ್ಟ ಸಾಧನವನ್ನು ಜೋಡಿಸಬಹುದೇ ಎಂಬುವು ಇವುಗಳಲ್ಲಿ ಮುಖ್ಯವಾದವು. ಈ ಪ್ರಶ್ನೆಗಳಿಗೆ ಸರಳವಾದ ಉತ್ತರ ನೀಡುವ ಉದ್ದೇಶದಿಂದ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ.

ಬಳಕೆದಾರರು ಮುಖ್ಯವಾಗಿ ಗಮನಿಸಬೇಕಾದ ಅಂಶವೆಂದರೆ, ಕೆಟ್ಟುಹೋಗಿರುವ ಆರ್.ಸಿ.ಸಿ.ಬಿ.ಯೂ ಸುಸ್ಥಿತಿಯಲ್ಲಿರುವ ಆರ್.ಸಿ.ಸಿ.ಬಿ.ಯೂ ಹೊರನೋಟಕ್ಕೆ ಒಂದೇ ರೀತಿ ಕಾಣುತ್ತವೆ. ಎರಡರಲ್ಲಿಯೂ ಮನೆಯ ದೀಪಗಳು ಉರಿಯುತ್ತವೆ, ಫ್ಯಾನ್ ತಿರುಗುತ್ತದೆ. ವ್ಯತ್ಯಾಸ ತಿಳಿಯುವುದು ಅಪಾಯ ಸಂಭವಿಸಿದ ಕ್ಷಣದಲ್ಲಿ ಮಾತ್ರ. ಆದ್ದರಿಂದ ಸಾಧನವನ್ನು ಅಳವಡಿಸಿದರಷ್ಟೇ ಸಾಲದು. ಅದು ಕೆಲಸ ಮಾಡುತ್ತಿದೆಯೇ ಎಂಬುದನ್ನು ಆಗಾಗ್ಗೆ ಖಚಿತಪಡಿಸಿಕೊಳ್ಳುವುದು ಪ್ರತಿ ಕುಟುಂಬದ ಹೊಣೆಯಾಗಿರುತ್ತದೆ.

1. ಆರ್.ಸಿ.ಸಿ.ಬಿ. ಎಂದರೇನು?

ಮನೆಯ ಯಾವುದೇ ಉಪಕರಣಕ್ಕೆ ಫೇಸ್ ತಂತಿಯ ಮೂಲಕ ಹೋದ ವಿದ್ಯುತ್ ಪ್ರವಾಹವು ನ್ಯೂಟ್ರಲ್ ತಂತಿಯ ಮೂಲಕ ಹಿಂದಿರುಗಬೇಕು. ಹೋದಷ್ಟೇ ಪ್ರಮಾಣ ಹಿಂದಿರುಗಿದರೆ ಲೆಕ್ಕ ಸರಿಯಾಗಿದೆ ಎಂದರ್ಥ. ಹಿಂದಿರುಗಿದ ಪ್ರಮಾಣ ಕಡಿಮೆಯಾದಲ್ಲಿ, ವ್ಯತ್ಯಾಸದಷ್ಟು ಪ್ರವಾಹವು ಬೇರೊಂದು ದಾರಿಯಿಂದ ಭೂಮಿಗೆ ಸೋರುತ್ತಿದೆ ಎಂದು ತಿಳಿಯಬೇಕು. ಆ ದಾರಿ ಗೀಸರಿನ ಲೋಹದ ಹೊರಕವಚವಾಗಿರಬಹುದು, ಒದ್ದೆಯಾದ ಗೋಡೆಯಾಗಿರಬಹುದು, ಅಥವಾ ಮನುಷ್ಯನ ದೇಹವೇ ಆಗಿರಬಹುದು. ಆರ್.ಸಿ.ಸಿ.ಬಿ. ಸಾಧನವು ಈ ಎರಡು ಪ್ರವಾಹಗಳನ್ನು ಸದಾ ಹೋಲಿಸುತ್ತಿದ್ದು, ವ್ಯತ್ಯಾಸವು ನಿಗದಿತ ಮಿತಿಯನ್ನು ತಲುಪಿದ ಕೂಡಲೇ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿತಗೊಳಿಸುತ್ತದೆ.

ಮನೆಗಳಿಗೆ ಈ ಮಿತಿಯು 30 ಮಿಲಿ ಆಂಪಿಯರ್ ಆಗಿರುತ್ತದೆ. ಸುಮಾರು 10 ಮಿಲಿ ಆಂಪಿಯರ್ ಪ್ರವಾಹ ಹರಿದಾಗಲೇ ಕೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದ ವಸ್ತುವನ್ನು ಬಿಡಲು ಅನೇಕರಿಗೆ ಸಾಧ್ಯವಾಗುವುದಿಲ್ಲ. ಅದಕ್ಕಿಂತ ಹೆಚ್ಚಿನ ಪ್ರವಾಹವು ಹೆಚ್ಚು ಹೊತ್ತು ಹರಿದಲ್ಲಿ ಉಸಿರಾಟ ನಿಲ್ಲಬಹುದು ಮತ್ತು ಹೃದಯದ ಬಡಿತ ಅಸ್ತವ್ಯಸ್ತವಾಗಬಹುದು. ಸುಸ್ಥಿತಿಯಲ್ಲಿರುವ ಸಾಮಾನ್ಯ ಮಾದರಿಯ ಆರ್.ಸಿ.ಸಿ.ಬಿ.ಯು 30 ಮಿಲಿ ಆಂಪಿಯರ್ ಸೋರಿಕೆಗೆ ಗರಿಷ್ಠ 300 ಮಿಲಿ ಸೆಕೆಂಡುಗಳಲ್ಲಿ, 150 ಮಿಲಿ ಆಂಪಿಯರ್ ಸೋರಿಕೆಗೆ ಗರಿಷ್ಠ 40 ಮಿಲಿ ಸೆಕೆಂಡುಗಳಲ್ಲಿ ವಿದ್ಯುತ್ತನ್ನು ಕಡಿತಗೊಳಿಸಬೇಕು. ವ್ಯಕ್ತಿಗೆ ಶಾಕ್ ತಗುಲುವುದನ್ನು ಅದು ಪೂರ್ಣವಾಗಿ ತಪ್ಪಿಸುವುದಿಲ್ಲ. ಆದರೆ ಶಾಕ್ ಪ್ರಾಣಾಂತಿಕವಾಗುವಷ್ಟು ಹೊತ್ತು ಮುಂದುವರಿಯಲು ಬಿಡುವುದಿಲ್ಲ.

ಕೆಳಕಂಡ ಎರಡು ಸಂದರ್ಭಗಳಲ್ಲಿ ಆರ್.ಸಿ.ಸಿ.ಬಿ.ಯಿಂದ ರಕ್ಷಣೆ ದೊರೆಯುವುದಿಲ್ಲ:

(ಅ) ಒಬ್ಬ ವ್ಯಕ್ತಿ ಫೇಸ್ ಮತ್ತು ನ್ಯೂಟ್ರಲ್ ತಂತಿಗಳೆರಡನ್ನೂ ಏಕಕಾಲಕ್ಕೆ ಮುಟ್ಟಿ, ಭೂಮಿಯ ಸಂಪರ್ಕವಿಲ್ಲದೆ ನಿಂತಿದ್ದಲ್ಲಿ, ಹೋದ ಪ್ರವಾಹವೆಲ್ಲವೂ ಹಿಂದಿರುಗುವುದರಿಂದ ಸಾಧನಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ.

(ಆ) ಅಧಿಕ ಹೊರೆ ಮತ್ತು ಶಾರ್ಟ್ ಸರ್ಕ್ಯೂಟ್ ಸಂದರ್ಭಗಳಲ್ಲಿ ಆರ್.ಸಿ.ಸಿ.ಬಿ. ಕೆಲಸ ಮಾಡುವುದಿಲ್ಲ. ಅದಕ್ಕಾಗಿ ಎಂ.ಸಿ.ಬಿ. ಪ್ರತ್ಯೇಕವಾಗಿ ಇರಲೇಬೇಕು. ಎರಡೂ ಕೆಲಸಗಳನ್ನು ಒಂದೇ ಪೆಟ್ಟಿಗೆಯಲ್ಲಿ ಮಾಡುವ ಸಾಧನಕ್ಕೆ ಆರ್.ಸಿ.ಬಿ.ಒ. ಎಂದು ಹೆಸರು.

2. ಈ ತಾಲ್ಲೂಕುಗಳಲ್ಲಿ ಇದರ ಅಗತ್ಯ ಏಕೆ ಹೆಚ್ಚು?

ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ತಲುಪಿತು. ಹೀಗೆ ದೇಶದಲ್ಲಿಯೇ ಬಹಳ ಮೊದಲು ವಿದ್ಯುತ್ತನ್ನು ಕಂಡ ಜಿಲ್ಲೆ ಇದಾಗಿದೆ. ಆದರೆ ಇಲ್ಲಿನ ನೆಲವು ಅರ್ಥಿಂಗ್ ವ್ಯವಸ್ಥೆಗೆ ಅಷ್ಟು ಅನುಕೂಲಕರವಾಗಿಲ್ಲ. ವರ್ಷವಿಡೀ ಹರಿಯುವ ನದಿ ಜಿಲ್ಲೆಯಲ್ಲಿಲ್ಲ, ಅಂತರ್ಜಲ ಆಳಕ್ಕಿಳಿದಿದೆ, ಹಲವೆಡೆ ಕೆಂಪು ಮಣ್ಣಿನ ತೆಳುಪದರದ ಕೆಳಗೇ ಬಂಡೆ ಸಿಗುತ್ತದೆ. ಒಣಗಿದ ಮಣ್ಣು ಹಾಗೂ ಬಂಡೆ ವಿದ್ಯುತ್ತಿಗೆ ಹೆಚ್ಚಿನ ರೋಧ ಒಡ್ಡುತ್ತವೆ. ಮನೆ ಕಟ್ಟಿದಾಗ ಉಪ್ಪು, ಇದ್ದಿಲು ಹಾಕಿ ತೋಡಿದ ಅರ್ಥಿಂಗ್ ಗುಂಡಿಗೆ ನಂತರ ಒಂದು ಬಿಂದಿಗೆ ನೀರನ್ನೂ ಹಾಕದಿದ್ದಲ್ಲಿ, ಕೆಲವೇ ಬೇಸಿಗೆಗಳಲ್ಲಿ ಅದು ಹೆಸರಿಗಷ್ಟೇ ಉಳಿಯುತ್ತದೆ.

ಇದರ ಪರಿಣಾಮವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಮನೆಯ ಅರ್ಥಿಂಗ್ ರೋಧ 40 ಓಮ್ ಇದೆ ಎಂದು ಭಾವಿಸೋಣ. ಗೀಸರಿನ ಒಳಗಿನ ಕಾಯಿಲ್ ಕೆಟ್ಟು, ಫೇಸ್ ಅದರ ಲೋಹದ ಕವಚಕ್ಕೆ ತಗುಲಿದಾಗ ಭೂಮಿಗೆ ಹರಿಯುವ ಪ್ರವಾಹವು 230 ವೋಲ್ಟನ್ನು 40 ಓಮ್‌ನಿಂದ ಭಾಗಿಸಿದಷ್ಟು, ಅಂದರೆ ಸುಮಾರು 5.75 ಆಂಪಿಯರ್ ಆಗುತ್ತದೆ. ಗೀಸರಿಗೆ ಅಳವಡಿಸಿರುವ 16 ಆಂಪಿಯರ್ ಎಂ.ಸಿ.ಬಿ.ಗೆ ಇದು ಸಾಮಾನ್ಯ ಹೊರೆಯಂತೆಯೇ ಕಾಣುವುದರಿಂದ ಅದು ಬೀಳುವುದಿಲ್ಲ. ಗೀಸರ್ ಕವಚದಲ್ಲಿ ಹೆಚ್ಚುಕಡಿಮೆ ಪೂರ್ಣ ವೋಲ್ಟೇಜ್ ನಿಂತೇ ಇರುತ್ತದೆ, ಮತ್ತು ಒದ್ದೆ ನೆಲದಲ್ಲಿ ನಿಂತು ನಲ್ಲಿ ತಿರುಗಿಸುವವರ ಪ್ರಾಣಕ್ಕೆ ಅಪಾಯ ಒದಗುತ್ತದೆ. ಇದಲ್ಲದೆ ಈ ಸೋರಿಕೆಯೂ ಮೀಟರಿನಲ್ಲಿ ದಾಖಲಾಗುತ್ತದೆ. ದಿನವಿಡೀ ಮುಂದುವರಿದಲ್ಲಿ ದಿನಕ್ಕೆ ಸುಮಾರು 32 ಯೂನಿಟ್ ವಿದ್ಯುತ್ ಭೂಮಿಯ ಪಾಲಾಗಿ, ಅದರ ಮೊತ್ತ ಬಿಲ್ಲಿಗೆ ಸೇರುತ್ತದೆ.

ಇದೇ ಮನೆಯಲ್ಲಿ 30 ಮಿಲಿ ಆಂಪಿಯರ್ ಆರ್.ಸಿ.ಸಿ.ಬಿ. ಇದ್ದಲ್ಲಿ, 5.75 ಆಂಪಿಯರ್ ಎಂಬುದು ಅದರ ಮಿತಿಯ 190 ಪಟ್ಟಿಗೂ ಹೆಚ್ಚಾಗಿರುವುದರಿಂದ ಕವಚಕ್ಕೆ ಫೇಸ್ ತಗುಲಿದ ಕ್ಷಣದಲ್ಲಿಯೇ, ಯಾರೂ ಮುಟ್ಟುವ ಮೊದಲೇ, ವಿದ್ಯುತ್ ಕಡಿತವಾಗುತ್ತದೆ. ಅರ್ಥಿಂಗ್ ದುರ್ಬಲವಾಗಿರುವ ಒಣ ನೆಲದಲ್ಲಿ ಎಂ.ಸಿ.ಬಿ. ಒಂದನ್ನೇ ನಂಬಿಕೊಂಡಿರುವುದು ಸುರಕ್ಷಿತವಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆರ್.ಸಿ.ಸಿ.ಬಿ. ಇದೆಯೆಂದು ಅರ್ಥಿಂಗ್ ವ್ಯವಸ್ಥೆಯನ್ನು ಕಡೆಗಣಿಸಬಾರದು. ಅರ್ಥಿಂಗ್ ಇಲ್ಲದಿದ್ದರೆ ಸೋರಿಕೆಗೆ ದಾರಿಯೇ ಇರುವುದಿಲ್ಲ. ಆಗ ಮನುಷ್ಯನು ಮುಟ್ಟಿದ ನಂತರವೇ ಸಾಧನಕ್ಕೆ ವಿಷಯ ತಿಳಿಯುತ್ತದೆ.

ಜಿಲ್ಲೆಯ ಜೀವನೋಪಾಯಗಳೂ ನೀರು ಮತ್ತು ವಿದ್ಯುತ್ತನ್ನು ಒಂದೇ ಸೂರಿನಡಿ ತರುತ್ತವೆ. ಹಾಲು ಕರೆಯುವ ಯಂತ್ರವಿರುವ ಕೊಟ್ಟಿಗೆ, ತೇವಾಂಶ ಕಾಯ್ದುಕೊಳ್ಳಬೇಕಾದ ರೇಷ್ಮೆಹುಳು ಸಾಕಾಣಿಕೆ ಮನೆ, ಸಂಪಿನಿಂದ ನೀರೆತ್ತುವ ಮೋಟಾರ್ ಇವೆಲ್ಲವೂ ಮನೆಯ ಸ್ಥಾವರದಿಂದಲೇ ವಿದ್ಯುತ್ ಪಡೆಯುವುದುಂಟು. ರಾಸುಗಳು ಮನುಷ್ಯರಿಗಿಂತ ಕಡಿಮೆ ವೋಲ್ಟೇಜಿಗೂ ಬಲಿಯಾಗುವ ಸಾಧ್ಯತೆ ಇರುವುದರಿಂದ ಕೊಟ್ಟಿಗೆಯ ಮಾರ್ಗಕ್ಕೆ ಆರ್.ಸಿ.ಸಿ.ಬಿ. ರಕ್ಷಣೆ ತಪ್ಪದೆ ಇರಬೇಕು. ಹೆಂಚಿನ ಮಾಡಿನ ಹಳೆಯ ಮನೆಗಳಲ್ಲಿ ತೊಲೆಗಳ ಮೇಲೆ ಎಳೆದಿರುವ ವೈರಿಂಗ್ ಮಳೆಗಾಲದಲ್ಲಿ ನೆನೆಯುವುದರಿಂದ ಅಲ್ಲಿಯೂ ಹೆಚ್ಚಿನ ಎಚ್ಚರಿಕೆ ಅಗತ್ಯ.

3. ಕಾನೂನಿನ ಉಪಬಂಧಗಳು

ಹಿಂದೆ ಜಾರಿಯಲ್ಲಿದ್ದ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು, 1956ರ ನಿಯಮ 61-ಎ ಭೂಸೋರಿಕೆ ರಕ್ಷಣಾ ಸಾಧನಕ್ಕೆ ಸಂಬಂಧಿಸಿತ್ತು. ತದನಂತರ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ವಿನಿಯಮಗಳು 2010ರಲ್ಲಿ ಜಾರಿಗೆ ಬಂದು, ಅವುಗಳ ಸ್ಥಾನದಲ್ಲಿ ಈಗ 2023ರ ವಿನಿಯಮಗಳು ಜಾರಿಯಲ್ಲಿವೆ. ಇವುಗಳ ಪ್ರಕಾರ ಗೃಹ ಸ್ಥಾವರಗಳಲ್ಲಿ ಅಳವಡಿಸುವ ಸಾಧನದ ಮಿತಿಯು 30 ಮಿಲಿ ಆಂಪಿಯರ್ ಮೀರತಕ್ಕದ್ದಲ್ಲ. ನಿಗದಿತ ಮಟ್ಟಕ್ಕಿಂತ ಕಡಿಮೆ ಹೊರೆಯ ಸಣ್ಣ ಸ್ಥಾವರಗಳಿಗೆ ಈ ಉಪಬಂಧದಿಂದ ವಿನಾಯಿತಿ ಇದ್ದರೂ, ಮೇಲ್ಕಂಡ ಕಾರಣಗಳಿಂದ ಒಂದು ಗೀಸರ್ ಅಥವಾ ಒಂದು ಮೋಟಾರ್ ಇರುವ ಚಿಕ್ಕ ಮನೆಯವರೂ ಸ್ವಇಚ್ಛೆಯಿಂದ ಇದನ್ನು ಅಳವಡಿಸಿಕೊಳ್ಳುವುದು ಸೂಕ್ತ.

4. ತಮ್ಮ ಮನೆಯಲ್ಲಿ ಯಾವ ಸಾಧನವಿದೆ ಎಂದು ಗುರುತಿಸುವ ವಿಧಾನ

(1) ಮೀಟರ್ ಬೋರ್ಡಿನ ಪಕ್ಕದಲ್ಲಿ ಅಥವಾ ಮನೆಯೊಳಗಿನ ಡಿ.ಬಿ. ಪೆಟ್ಟಿಗೆಯಲ್ಲಿ ನೋಡುವುದು. ಎಂ.ಸಿ.ಬಿ.ಗಳ ಸಾಲಿನಲ್ಲಿ ಅವುಗಳಿಗಿಂತ ಅಗಲವಾಗಿದ್ದು, ಸನ್ನೆಯ ಜೊತೆಗೆ ಪ್ರತ್ಯೇಕವಾದ ಚಿಕ್ಕ ಗುಂಡಿಯೊಂದಿರುವ ಸಾಧನವೇ ಆರ್.ಸಿ.ಸಿ.ಬಿ. ಗುಂಡಿಯ ಮೇಲೆ 'ಟಿ' ಅಕ್ಷರ ಅಥವಾ 'ಟೆಸ್ಟ್' ಎಂಬ ಪದ ಇರುತ್ತದೆ. ಅಂಗಡಿಗಳಲ್ಲಿ ಮತ್ತು ಎಲೆಕ್ಟ್ರಿಷಿಯನ್‌ಗಳಲ್ಲಿ ಇಂದಿಗೂ ಇದನ್ನು ಇ.ಎಲ್.ಸಿ.ಬಿ. ಎಂದೇ ಕರೆಯುವುದು ರೂಢಿಯಲ್ಲಿದೆ.

(2) ಅರ್ಥಿಂಗ್ ತಂತಿಯೇ ಸಾಧನದೊಳಗೆ ಹಾದುಹೋಗುವಂತೆ ಜೋಡಿಸಿದ್ದಲ್ಲಿ ಅದು ಹಳೆಯ ಕಾಲದ, ವೋಲ್ಟೇಜ್ ಆಧಾರಿತ ಇ.ಎಲ್.ಸಿ.ಬಿ. ಆಗಿರುತ್ತದೆ. ಇಂತಹ ಸಾಧನವು ಅರ್ಥಿಂಗ್ ತಂತಿಯ ಮೂಲಕ ಹೋಗುವ ಸೋರಿಕೆಯನ್ನು ಮಾತ್ರ ಗುರುತಿಸುತ್ತದೆ. ಮನುಷ್ಯನ ದೇಹದ ಮೂಲಕ ನೇರವಾಗಿ ನೆಲಕ್ಕೆ ಹೋಗುವ ಸೋರಿಕೆಯನ್ನು ಗುರುತಿಸುವುದಿಲ್ಲ. ಆದ್ದರಿಂದ ಇದನ್ನು ಬದಲಾಯಿಸಿಕೊಳ್ಳುವುದು ಅವಶ್ಯ.

(3) ಮರದ ಹಲಗೆಯ ಮೇಲೆ ಪಿಂಗಾಣಿ ಫ್ಯೂಸುಗಳು ಮಾತ್ರ ಇದ್ದಲ್ಲಿ ಆ ಮನೆಗೆ ಸೋರಿಕೆ ರಕ್ಷಣೆ ಇಲ್ಲವೆಂದೇ ತಿಳಿಯಬೇಕು.

(4) ಆರ್.ಸಿ.ಸಿ.ಬಿ. ಇದ್ದಲ್ಲಿ ಅದರ ಸನ್ನೆಯನ್ನು ಕೆಳಗಿಳಿಸಿ ನೋಡುವುದು. ಇನ್ವರ್ಟರ್ ಮಾರ್ಗವನ್ನು ಹೊರತುಪಡಿಸಿ ಇಡೀ ಮನೆಯ ವಿದ್ಯುತ್ ನಿಲ್ಲಬೇಕು. ಯಾವುದಾದರೂ ಕೋಣೆಯ ದೀಪ ಅಥವಾ ಪ್ಲಗ್ ಇನ್ನೂ ಕೆಲಸ ಮಾಡುತ್ತಿದ್ದಲ್ಲಿ ಆ ಮಾರ್ಗಕ್ಕೆ ಈ ಸಾಧನದ ರಕ್ಷಣೆ ಇಲ್ಲ. ಇಡೀ ಮನೆಯಲ್ಲಿ ಏನೂ ನಿಲ್ಲದಿದ್ದಲ್ಲಿ, ಹಿಂದೆ ಯಾರೋ ಸಾಧನವನ್ನು ತಪ್ಪಿಸಿ ನೇರ ಸಂಪರ್ಕ ಕೊಟ್ಟಿದ್ದಾರೆ ಎಂದು ತಿಳಿಯಬೇಕು.

5. ತಿಂಗಳಿಗೊಮ್ಮೆ ಮಾಡಬೇಕಾದ ಪರೀಕ್ಷೆ

ವಿದ್ಯುತ್ ಪೂರೈಕೆ ಇರುವಾಗ ಟೆಸ್ಟ್ ಗುಂಡಿಯನ್ನು ಒಮ್ಮೆ ಒತ್ತುವುದು. ಸನ್ನೆಯು ತಕ್ಷಣ ಕೆಳಗೆ ಬೀಳಬೇಕು. ನಂತರ ಸನ್ನೆಯನ್ನು ಪೂರ್ತಿ ಕೆಳಗಿಳಿಸಿ ಮೇಲೆತ್ತಿದರೆ ಪೂರೈಕೆ ಮರಳುತ್ತದೆ. ಇದಕ್ಕೆ ಒಂದು ನಿಮಿಷವೂ ಬೇಕಾಗುವುದಿಲ್ಲ. ವಿದ್ಯುತ್ ಬಿಲ್ಲು ಮನೆಗೆ ಬಂದ ದಿನವೇ ಈ ಪರೀಕ್ಷೆಯನ್ನು ಮಾಡುವ ರೂಢಿ ಇಟ್ಟುಕೊಂಡಲ್ಲಿ ಮರೆಯುವ ಸಂಭವವಿರುವುದಿಲ್ಲ. ಕಂಪ್ಯೂಟರ್ ಮುಂತಾದ ಉಪಕರಣಗಳನ್ನು ಮೊದಲೇ ಆರಿಸಿಕೊಳ್ಳುವುದು ಒಳ್ಳೆಯದು.

ಗುಂಡಿ ಒತ್ತಿದಾಗ ಸನ್ನೆ ಬೀಳದಿದ್ದಲ್ಲಿ, ಪೂರೈಕೆ ಇರುವುದನ್ನು ಖಚಿತಪಡಿಸಿಕೊಂಡು ಮತ್ತೊಮ್ಮೆ ಒತ್ತುವುದು. ಆಗಲೂ ಬೀಳದಿದ್ದಲ್ಲಿ ಸಾಧನ ಅಥವಾ ಅದರ ಜೋಡಣೆ ಕೆಟ್ಟಿದೆ ಎಂದೇ ಪರಿಗಣಿಸಿ ಬದಲಾವಣೆಗೆ ಕ್ರಮ ಕೈಗೊಳ್ಳಬೇಕು. ಬಹುಕಾಲ ಅಲುಗಾಡದೆ ಇದ್ದ ಸಾಧನದ ಒಳಭಾಗಗಳು ಅಂಟಿಕೊಂಡಂತಾಗಿ ಸಮಯಕ್ಕೆ ಬಿಡುಗಡೆಯಾಗದಿರುವುದುಂಟು. ಮಾಸಿಕ ಪರೀಕ್ಷೆಯಿಂದ ಇದನ್ನೂ ತಡೆಯಬಹುದು.

ಟೆಸ್ಟ್ ಗುಂಡಿಯು ಸಾಧನದ ಒಳಗಿನ ಕಾರ್ಯವನ್ನು ಮಾತ್ರ ಪರೀಕ್ಷಿಸುತ್ತದೆ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂಬುದನ್ನು ಅದು ತಿಳಿಸುವುದಿಲ್ಲ. ಅರ್ಥಿಂಗ್ ರೋಧವನ್ನು ಪರವಾನಗಿ ಹೊಂದಿದ ಗುತ್ತಿಗೆದಾರರಿಂದ ಬೇಸಿಗೆಯಲ್ಲಿ ಅಳತೆ ಮಾಡಿಸುವುದು ಸೂಕ್ತ. ಮಳೆಗಾಲದ ಅಳತೆ ಉತ್ತಮವಾಗಿ ಕಂಡರೂ ಬೇಸಿಗೆಯ ಸ್ಥಿತಿ ಬೇರೆಯಾಗಿರುತ್ತದೆ.

6. ಸಾಧನ ಪದೇ ಪದೇ ಬೀಳುತ್ತಿದ್ದಲ್ಲಿ

ಇದು ಸಾಮಾನ್ಯವಾಗಿ ಸಾಧನದ ದೋಷವಾಗಿರುವುದಿಲ್ಲ. ಮನೆಯಲ್ಲೆಲ್ಲೋ ಸೋರಿಕೆ ಇದೆ ಎಂಬುದರ ಸೂಚನೆಯಾಗಿರುತ್ತದೆ. ಯಾವುದೇ ತಂತಿಯನ್ನು ಮುಟ್ಟದೆ ಬಳಕೆದಾರರೇ ಕೆಳಕಂಡಂತೆ ದೋಷದ ಸ್ಥಳವನ್ನು ಹುಡುಕಬಹುದು:

(1) ಎಲ್ಲಾ ಎಂ.ಸಿ.ಬಿ.ಗಳನ್ನು ಕೆಳಗಿಳಿಸಿ, ಆರ್.ಸಿ.ಸಿ.ಬಿ.ಯನ್ನು ಮೇಲೆತ್ತುವುದು.

(2) ಎಂ.ಸಿ.ಬಿ.ಗಳನ್ನು ಒಂದೊಂದಾಗಿ ಮೇಲೆತ್ತುತ್ತಾ ಹೋಗುವುದು. ಯಾವುದನ್ನು ಎತ್ತಿದಾಗ ಆರ್.ಸಿ.ಸಿ.ಬಿ. ಬೀಳುವುದೋ ಆ ಮಾರ್ಗದಲ್ಲಿ ದೋಷವಿದೆ.

(3) ಆ ಮಾರ್ಗದ ಎಲ್ಲಾ ಪ್ಲಗ್‌ಗಳನ್ನು ಕಿತ್ತು, ಪುನಃ ಪರೀಕ್ಷಿಸುವುದು. ಈಗ ನಿಂತಲ್ಲಿ ದೋಷವು ಉಪಕರಣದ್ದು. ಒಂದೊಂದಾಗಿ ಜೋಡಿಸಿದರೆ ಯಾವುದೆಂದು ತಿಳಿಯುತ್ತದೆ. ಗೀಸರ್, ನೀರು ಕಾಯಿಸುವ ಕಾಯಿಲ್, ಮೋಟಾರ್, ಇಸ್ತ್ರಿಪೆಟ್ಟಿಗೆ, ಹಳೆಯ ರೆಫ್ರಿಜರೇಟರ್ ಇವುಗಳನ್ನು ಮೊದಲು ಪರಿಶೀಲಿಸುವುದು.

(4) ಎಲ್ಲಾ ಎಂ.ಸಿ.ಬಿ.ಗಳು ಕೆಳಗಿದ್ದಾಗಲೂ ಆರ್.ಸಿ.ಸಿ.ಬಿ. ನಿಲ್ಲದಿದ್ದಲ್ಲಿ ನ್ಯೂಟ್ರಲ್ ತಂತಿಯು ಎಲ್ಲೋ ಅರ್ಥಿಂಗ್‌ಗೆ ತಗುಲಿರುವ ಸಂಭವವಿದೆ. ಸಾಮಾನ್ಯ ಎಂ.ಸಿ.ಬಿ.ಯು ಫೇಸ್ ಮಾತ್ರ ಕಡಿಯುವುದರಿಂದ ನ್ಯೂಟ್ರಲ್ ದೋಷ ಹಾಗೆಯೇ ಉಳಿಯುತ್ತದೆ. ಈ ಹಂತದಲ್ಲಿ ಗುತ್ತಿಗೆದಾರರನ್ನು ಕರೆಯತಕ್ಕದ್ದು.

ದೋಷ ಯಾವುದೂ ಕಾಣದೆ ಸಾಧನ ಬೀಳುತ್ತಿದ್ದಲ್ಲಿ ಮತ್ತೆರಡು ಕಾರಣಗಳನ್ನು ಪರಿಶೀಲಿಸಬೇಕು. ಮೊದಲನೆಯದು, ಇನ್ವರ್ಟರ್ ಅಳವಡಿಸುವಾಗ ಅದರ ಮಾರ್ಗದ ನ್ಯೂಟ್ರಲನ್ನು ಆರ್.ಸಿ.ಸಿ.ಬಿ.ಯ ಹಿಂದಿನ ನ್ಯೂಟ್ರಲ್ ಜೊತೆ ಬೆರೆಸಿರುವುದು. ಎರಡನೆಯದು, ಮನೆಗೆ ಮೇಲಂತಸ್ತು ಅಥವಾ ಬಾಡಿಗೆ ಭಾಗ ಸೇರಿಸಿದಾಗ ಎರಡು ಮೀಟರುಗಳ ನ್ಯೂಟ್ರಲ್ ತಂತಿಗಳನ್ನು ಒಂದೇ ಕಡೆ ಕಟ್ಟಿರುವುದು. ಇವೆರಡರಲ್ಲಿಯೂ ಹೋದ ಪ್ರವಾಹ ಬೇರೆ ದಾರಿಯಿಂದ ಹಿಂದಿರುಗುವುದರಿಂದ ಸಾಧನವು ಅದನ್ನು ಸೋರಿಕೆ ಎಂದೇ ಭಾವಿಸುತ್ತದೆ. ವೈರಿಂಗ್ ಸರಿಪಡಿಸುವುದೇ ಇದಕ್ಕೆ ಪರಿಹಾರ.

ತೊಂದರೆ ತಪ್ಪಿಸಿಕೊಳ್ಳಲು ಆರ್.ಸಿ.ಸಿ.ಬಿ.ಯನ್ನು ತೆಗೆದು ನೇರ ಸಂಪರ್ಕ ಕೊಡುವುದು, ಅಥವಾ 30ರ ಬದಲು 100 ಇಲ್ಲವೇ 300 ಮಿಲಿ ಆಂಪಿಯರ್ ಸಾಧನ ಹಾಕುವುದು ಅಪಾಯಕಾರಿ. 100 ಮತ್ತು 300 ಮಿಲಿ ಆಂಪಿಯರ್ ಸಾಧನಗಳು ಮನುಷ್ಯರನ್ನು ನೇರ ಶಾಕ್‌ನಿಂದ ಕಾಪಾಡಲು ಉದ್ದೇಶಿಸಿದವುಗಳಲ್ಲ. ಇವುಗಳನ್ನು ಹಾಕಿದರೆ ಸಾಧನ ಬೀಳುವುದು ನಿಲ್ಲಬಹುದು, ಸೋರಿಕೆ ನಿಲ್ಲುವುದಿಲ್ಲ.

7. ಹೊಸ ಸಾಧನ ಖರೀದಿಸುವಾಗ ಪರಿಶೀಲಿಸಬೇಕಾದ ಅಂಶಗಳು

ಅಂಗಡಿಗೆ ಹೋಗುವ ಮೊದಲು ಹಳೆಯ ಸಾಧನದ ಮುಖಭಾಗದ ಛಾಯಾಚಿತ್ರವನ್ನು ಮೊಬೈಲ್ ಫೋನಿನಲ್ಲಿ ತೆಗೆದುಕೊಳ್ಳುವುದು. ಅದೇ ತಯಾರಕರ ಅದೇ ಮಾದರಿ ಈಗ ತಯಾರಾಗದಿದ್ದರೂ ಚಿಂತೆಯಿಲ್ಲ. ಡಿ.ಬಿ. ಪೆಟ್ಟಿಗೆಯ ಒಳಗಿನ ಲೋಹದ ಪಟ್ಟಿ ಸಾಮಾನ್ಯವಾಗಿ 35 ಮಿಲಿ ಮೀಟರ್ ಅಗಲದ್ದಾಗಿದ್ದು, ಬೇರೆ ತಯಾರಕರ ಸಾಧನವೂ ಅದರ ಮೇಲೆ ಕೂರುತ್ತದೆ. ಕೆಳಕಂಡ ಅಂಶಗಳು ಮಾತ್ರ ಹೊಂದಾಣಿಕೆಯಾಗಬೇಕು:

(1) ಸೋರಿಕೆ ಮಿತಿ: 30 ಮಿಲಿ ಆಂಪಿಯರ್. ಸಾಧನದ ಮೇಲೆ 0.03 ಆಂಪಿಯರ್ ಎಂದೂ ಬರೆದಿರಬಹುದು, ಎರಡೂ ಒಂದೇ.

(2) ಪ್ರವಾಹ ಸಾಮರ್ಥ್ಯ: 25, 40 ಅಥವಾ 63 ಆಂಪಿಯರ್. ಇದು ಮನೆಯ ಮುಖ್ಯ ಎಂ.ಸಿ.ಬಿ.ಯ ಸಾಮರ್ಥ್ಯಕ್ಕಿಂತ ಕಡಿಮೆ ಇರಬಾರದು. ಉದಾಹರಣೆಗೆ, ಮುಖ್ಯ ಎಂ.ಸಿ.ಬಿ. 32 ಆಂಪಿಯರ್ ಇದ್ದಲ್ಲಿ 40 ಆಂಪಿಯರ್ ಆರ್.ಸಿ.ಸಿ.ಬಿ. ಸೂಕ್ತ.

(3) ಪೋಲ್‌ಗಳ ಸಂಖ್ಯೆ: ಸಿಂಗಲ್ ಫೇಸ್ ಸ್ಥಾವರಕ್ಕೆ 2, ಮೂರು ಫೇಸ್ ಸ್ಥಾವರಕ್ಕೆ 4.

(4) ವಿಧ: 'ಎಸಿ' ವಿಧದ ಸಾಧನವು ಸಾಮಾನ್ಯ ಪರ್ಯಾಯ ಪ್ರವಾಹದ ಸೋರಿಕೆಯನ್ನು ಮಾತ್ರ ಗುರುತಿಸುತ್ತದೆ. 'ಎ' ವಿಧದ ಸಾಧನವು ಎಲೆಕ್ಟ್ರಾನಿಕ್ ನಿಯಂತ್ರಣವಿರುವ ವಾಷಿಂಗ್ ಮೆಷಿನ್, ಹವಾನಿಯಂತ್ರಕ ಮುಂತಾದವುಗಳಿಂದ ಉಂಟಾಗಬಹುದಾದ ಮಿಡಿಯುವ ನೇರ ಪ್ರವಾಹದ ಸೋರಿಕೆಯನ್ನೂ ಗುರುತಿಸುತ್ತದೆ. ಇಂತಹ ಉಪಕರಣಗಳಿರುವ ಮನೆಗೆ 'ಎ' ವಿಧವೇ ಮೇಲು.

(5) ಮಾನಕ: ಐ.ಎಸ್. 12640 ಭಾಗ 1 ಆರ್.ಸಿ.ಸಿ.ಬಿ.ಗೆ, ಭಾಗ 2 ಆರ್.ಸಿ.ಬಿ.ಒ.ಗೆ ಸಂಬಂಧಿಸಿದೆ. ಐ.ಎಸ್.ಐ. ಗುರುತು ಮತ್ತು ಅದರೊಂದಿಗೆ ಮುದ್ರಿಸಿರುವ ಪರವಾನಗಿ ಸಂಖ್ಯೆಯನ್ನು ನೋಡಬೇಕು. ಈ ಸಂಖ್ಯೆ ನೈಜವೇ ಎಂಬುದನ್ನು ಭಾರತೀಯ ಮಾನಕ ಬ್ಯೂರೋದ 'ಬಿಐಎಸ್ ಕೇರ್' ಮೊಬೈಲ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು.

ಖರೀದಿಯ ರಸೀದಿಯನ್ನು ತಪ್ಪದೆ ಪಡೆದು, ಸಾಧನದ ಮಾದರಿ ಸಂಖ್ಯೆ ಅದರಲ್ಲಿ ನಮೂದಾಗಿರುವುದನ್ನು ನೋಡಿಕೊಳ್ಳುವುದು. ರಸೀದಿ ಇಲ್ಲದೆ ಕೊಂಡ ವಸ್ತುವಿನ ಬಗ್ಗೆ ಖಾತರಿ ಅವಧಿಯಲ್ಲಿ ದೂರು ನೀಡುವುದು ಕಷ್ಟವಾಗುತ್ತದೆ. ಬೇರೆಡೆ ಬಳಸಿ ತೆಗೆದ ಹಳೆಯ ಸಾಧನವನ್ನು ಕಡಿಮೆ ಬೆಲೆಗೆ ಕೊಳ್ಳಬಾರದು.

8. ವಿದೇಶದಿಂದ ತಂದ ಸಾಧನಗಳು

ಜಿಲ್ಲೆಯ ಅನೇಕ ಕುಟುಂಬಗಳ ಸದಸ್ಯರು ವಿದೇಶಗಳಲ್ಲಿ ನೆಲೆಸಿದ್ದು, ಊರಿನ ಮನೆಗೆಂದು ಅಲ್ಲಿಂದ ವಿದ್ಯುತ್ ಸಾಮಗ್ರಿಗಳನ್ನು ತರುವುದುಂಟು. ಈ ಬಗ್ಗೆ ಕೆಳಕಂಡ ಅಂಶಗಳನ್ನು ಗಮನಿಸಬೇಕು.

ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ಮನೆಯ ಪ್ಲಗ್‌ಗಳಿಗೆ 120 ವೋಲ್ಟ್, 60 ಹರ್ಟ್ಜ್ ಪೂರೈಕೆ ಇದೆ. ಅಲ್ಲಿ ಜಿ.ಎಫ್.ಸಿ.ಐ. ಎಂದು ಕರೆಯುವ, ಸುಮಾರು 5 ಮಿಲಿ ಆಂಪಿಯರ್ ಮಿತಿಯ ಸಾಧನವನ್ನು ಸ್ನಾನಗೃಹ ಮತ್ತು ಅಡುಗೆಮನೆಯ ಪ್ಲಗ್‌ಗಳಲ್ಲಿಯೇ ಅಳವಡಿಸುತ್ತಾರೆ. ನಮ್ಮ 230 ವೋಲ್ಟ್, 50 ಹರ್ಟ್ಜ್ ಪೂರೈಕೆಗೆ ಅದನ್ನು ಜೋಡಿಸತಕ್ಕದ್ದಲ್ಲ; ಅದರ ಒಳಗಿನ ವಿದ್ಯುನ್ಮಂಡಲ ಮತ್ತು ಟೆಸ್ಟ್ ಗುಂಡಿಯ ಭಾಗಗಳು ಸುಟ್ಟುಹೋಗಬಹುದು. ಬ್ರಿಟನ್ ಮತ್ತು ಯುರೋಪಿನ ದೇಶಗಳಲ್ಲಿ ಪೂರೈಕೆ 230 ವೋಲ್ಟ್, 50 ಹರ್ಟ್ಜ್ ಇದ್ದು, ಅಲ್ಲಿಯೂ 30 ಮಿಲಿ ಆಂಪಿಯರ್ ಸಾಧನಗಳೇ ಬಳಕೆಯಲ್ಲಿವೆ. ಆದರೂ ಐ.ಎಸ್.ಐ. ಗುರುತಿಲ್ಲದ ಸಾಧನವನ್ನು ಇಲ್ಲಿನ ಸ್ಥಾವರದಲ್ಲಿ ಅಳವಡಿಸದಿರುವುದೇ ಸರಿ. ಅದರ ನ್ಯೂಟ್ರಲ್ ತುದಿಯ ಸ್ಥಾನ ಬೇರೆಯಾಗಿರಬಹುದು, ಖಾತರಿಯೂ ಇಲ್ಲಿ ಅನ್ವಯವಾಗದಿರಬಹುದು. ಇದೇ ರೀತಿ, ವಿದೇಶದಲ್ಲಿ ಸ್ವಂತ ಮನೆ ಹೊಂದಿರುವವರು ಇಲ್ಲಿಂದ ಸಾಧನ ಕೊಂಡೊಯ್ಯದೆ, ಆ ದೇಶದ ಮಾನಕಕ್ಕೆ ಅನುಗುಣವಾದುದನ್ನು ಅಲ್ಲಿನ ಪರವಾನಗಿದಾರರಿಂದಲೇ ಅಳವಡಿಸಿಕೊಳ್ಳಬೇಕು.

9. ಬದಲಾವಣೆ ಕಾರ್ಯವನ್ನು ಯಾರು, ಹೇಗೆ ಮಾಡಬೇಕು?

ದೀಪ, ಫ್ಯಾನ್, ಫ್ಯೂಸ್, ಸ್ವಿಚ್ ಮುಂತಾದ ಸಣ್ಣ ಬದಲಾವಣೆಗಳನ್ನು ಹೊರತುಪಡಿಸಿ, ಸ್ಥಾವರದ ಯಾವುದೇ ಕೆಲಸವನ್ನು ರಾಜ್ಯ ಸರ್ಕಾರದ ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರ ಮೂಲಕವೇ, ಅರ್ಹತಾ ಪ್ರಮಾಣಪತ್ರವುಳ್ಳ ಮೇಲ್ವಿಚಾರಕರ ನೇರ ಉಸ್ತುವಾರಿಯಲ್ಲಿ, ಪರ್ಮಿಟ್ ಹೊಂದಿದ ವೈರ್‌ಮನ್ ಮಾಡತಕ್ಕದ್ದು. ಕೆಲಸಕ್ಕೆ ಮೊದಲು ಪರವಾನಗಿಯನ್ನು ತೋರಿಸುವಂತೆ ಕೇಳುವುದು ಬಳಕೆದಾರರ ಹಕ್ಕಾಗಿರುತ್ತದೆ. ಕೆಲಸದ ವೇಳೆ ಬಳಕೆದಾರರು ಗಮನಿಸಬೇಕಾದ ಹಂತಗಳು ಈ ಕೆಳಗಿನಂತಿವೆ:

(1) ಮೈನ್ ಸ್ವಿಚ್ ಮಾತ್ರವಲ್ಲದೆ ಇನ್ವರ್ಟರ್ ಮತ್ತು ಸೌರ ವಿದ್ಯುತ್ ವ್ಯವಸ್ಥೆಯನ್ನೂ ಆರಿಸಿ, ತಂತಿಗಳಲ್ಲಿ ವಿದ್ಯುತ್ ಇಲ್ಲದಿರುವುದನ್ನು ಪರೀಕ್ಷಿಸಿಕೊಳ್ಳಬೇಕು. ಮೀಟರ್ ಮತ್ತು ಆರ್.ಸಿ.ಸಿ.ಬಿ. ನಡುವೆ ಮೈನ್ ಸ್ವಿಚ್ ಇಲ್ಲದಿದ್ದಲ್ಲಿ, ಮೀಟರಿನ ಮೊಹರು ಅಥವಾ ಕಂಪನಿಯ ಕಟ್‌ಔಟ್ ಮುಟ್ಟದೆ, ಬೆಸ್ಕಾಂ ಶಾಖಾ ಕಚೇರಿಯನ್ನು ಸಂಪರ್ಕಿಸಿ ಪೂರೈಕೆ ನಿಲ್ಲಿಸಿಕೊಳ್ಳಬೇಕು.

(2) ಉಪಕರಣಗಳ ಪ್ಲಗ್ ಕಿತ್ತು, 500 ವೋಲ್ಟ್ ಪರೀಕ್ಷಾ ಯಂತ್ರದಿಂದ ವೈರಿಂಗ್‌ನ ನಿರೋಧ ಅಳೆಯಬೇಕು. ಅದು 1 ಮೆಗಾ ಓಮ್‌ಗಿಂತ ಕಡಿಮೆ ಇದ್ದಲ್ಲಿ ಮೊದಲು ವೈರಿಂಗ್ ಸರಿಪಡಿಸಬೇಕು. ಇಲ್ಲವಾದಲ್ಲಿ ಹೊಸ ಸಾಧನವೂ ಬೀಳುತ್ತಲೇ ಇರುತ್ತದೆ.

(3) ಫೇಸ್ ಮತ್ತು ನ್ಯೂಟ್ರಲ್ ಎರಡೂ ಹೊಸ ಸಾಧನದ ಮೂಲಕವೇ ಹಾದುಹೋಗಬೇಕು. ನ್ಯೂಟ್ರಲ್ ತುದಿಯು ಕೆಲವು ತಯಾರಕರ ಸಾಧನಗಳಲ್ಲಿ ಎಡಕ್ಕೂ ಕೆಲವರಲ್ಲಿ ಬಲಕ್ಕೂ ಇರುವುದರಿಂದ, ಹಳೆಯದರಂತೆಯೇ ತಂತಿ ಸಿಕ್ಕಿಸದೆ 'ಎನ್' ಗುರುತನ್ನು ನೋಡಿ ಜೋಡಿಸಬೇಕು.

(4) ತಿರುಪುಗಳನ್ನು ಬಿಗಿಯಾಗಿ ಕೂರಿಸಬೇಕು. ಸಡಿಲವಾದ ತುದಿ ಬಿಸಿಯಾಗಿ ಸುಡುತ್ತದೆ.

(5) ಪೂರೈಕೆ ನೀಡಿದ ನಂತರ ಟೆಸ್ಟ್ ಗುಂಡಿಯ ಪರೀಕ್ಷೆಯಲ್ಲದೆ, ಸಾಧ್ಯವಿದ್ದಲ್ಲಿ ಆರ್.ಸಿ.ಸಿ.ಬಿ. ಪರೀಕ್ಷಾ ಯಂತ್ರದಿಂದಲೂ ಪರೀಕ್ಷಿಸಬೇಕು. 15 ಮಿಲಿ ಆಂಪಿಯರ್‌ಗೆ ಬೀಳಬಾರದು. 30 ಮತ್ತು 150 ಮಿಲಿ ಆಂಪಿಯರ್‌ಗೆ ಮೇಲೆ ತಿಳಿಸಿದ ಅವಧಿಯೊಳಗೆ ಬೀಳಬೇಕು.

(6) ಬದಲಾಯಿಸಿದ ದಿನಾಂಕವನ್ನು ಪೆಟ್ಟಿಗೆಯ ಒಳಗೆ ಬರೆದು ಅಂಟಿಸಬೇಕು.

10. ಮಾಲೀಕರು ಬೇರೆಡೆ ವಾಸಿಸುತ್ತಿರುವ ಮನೆಗಳು

ಬೆಂಗಳೂರು, ಇತರ ರಾಜ್ಯ ಅಥವಾ ವಿದೇಶದಲ್ಲಿ ನೆಲೆಸಿರುವವರ ಊರಿನ ಮನೆಗಳಲ್ಲಿ ಸಾಮಾನ್ಯವಾಗಿ ವಯಸ್ಸಾದ ತಂದೆತಾಯಿ ಅಥವಾ ಬಾಡಿಗೆದಾರರು ವಾಸವಿರುತ್ತಾರೆ, ಇಲ್ಲವೇ ಮನೆ ಬೀಗ ಹಾಕಿದ ಸ್ಥಿತಿಯಲ್ಲಿರುತ್ತದೆ. ಸಾಧನ ಬಿದ್ದಾಗ ಕತ್ತಲಲ್ಲಿ ಕುಳಿತ ಹಿರಿಯರು ಹತ್ತಿರದ ಯಾರನ್ನಾದರೂ ಕರೆದು "ಹೇಗಾದರೂ ಕರೆಂಟ್ ಬರಿಸಪ್ಪ" ಎಂದು ಕೇಳುವುದು ಸಹಜ. ನೇರ ಸಂಪರ್ಕ ಕೊಡುವ ಅಪಾಯ ಇಂತಹ ಸಂದರ್ಭದಲ್ಲಿಯೇ ಹೆಚ್ಚು. ಆದ್ದರಿಂದ ಮಾಲೀಕರು ಪರವಾನಗಿ ಹೊಂದಿದ ಒಬ್ಬ ಗುತ್ತಿಗೆದಾರರನ್ನು ಮೊದಲೇ ಗೊತ್ತುಮಾಡಿ, ಅವರ ದೂರವಾಣಿ ಸಂಖ್ಯೆ ಮತ್ತು ಸ್ಥಾವರದ ಆರ್.ಆರ್. ಸಂಖ್ಯೆಯನ್ನು ಡಿ.ಬಿ. ಪೆಟ್ಟಿಗೆಯ ಬಳಿ ದಪ್ಪ ಅಕ್ಷರಗಳಲ್ಲಿ ಬರೆದಿಡುವುದು ಸೂಕ್ತ. ಪರಿಚ್ಛೇದ 6ರಲ್ಲಿ ತಿಳಿಸಿರುವ ಹುಡುಕುವ ವಿಧಾನವನ್ನು ಮನೆಯವರಿಗೆ ಒಮ್ಮೆ ಮಾಡಿ ತೋರಿಸಬೇಕು; ದೋಷವಿರುವ ಒಂದು ಎಂ.ಸಿ.ಬಿ.ಯನ್ನು ಕೆಳಗಿಟ್ಟು ಉಳಿದ ಮನೆಗೆ ಬೆಳಕು ಪಡೆಯಲು ಇದರಿಂದ ಸಾಧ್ಯವಾಗುತ್ತದೆ.

ದೂರದಿಂದಲೇ ಬದಲಾವಣೆ ಮಾಡಿಸುವವರು ಹಳೆಯ ಮತ್ತು ಹೊಸ ಸಾಧನಗಳ ಛಾಯಾಚಿತ್ರ, ಖರೀದಿ ರಸೀದಿ, ಗುತ್ತಿಗೆದಾರರ ಪರವಾನಗಿ ಸಂಖ್ಯೆ ಹಾಗೂ ಟೆಸ್ಟ್ ಗುಂಡಿ ಒತ್ತಿದಾಗ ಸನ್ನೆ ಬೀಳುವ ವೀಡಿಯೊ ಇವುಗಳನ್ನು ತರಿಸಿಕೊಂಡ ನಂತರವೇ ಹಣ ಪಾವತಿಸುವುದು ಒಳ್ಳೆಯದು. ಬೀಗ ಹಾಕಿದ ಮನೆಯಲ್ಲಿ ಮೈನ್ ಸ್ವಿಚ್ ಆರಿಸಿಡಬೇಕು. ರಜೆಯಲ್ಲಿ ಊರಿಗೆ ಬಂದವರು ಪೂರೈಕೆ ನೀಡಿದ ಕೂಡಲೇ, ಗೀಸರ್ ಅಥವಾ ಮೋಟಾರ್ ಹಾಕುವ ಮೊದಲು, ಟೆಸ್ಟ್ ಗುಂಡಿ ಒತ್ತಿ ನೋಡಬೇಕು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಆರ್.ಸಿ.ಸಿ.ಬಿ. ಬದಲಾಯಿಸಲು ಬೆಸ್ಕಾಂಗೆ ಅರ್ಜಿ ಸಲ್ಲಿಸಬೇಕೇ?
ಉತ್ತರ: ಮಂಜೂರಾದ ಹೊರೆ ಬದಲಾಗದೆ, ಸಾಧನವನ್ನು ಮಾತ್ರ ಬದಲಾಯಿಸುವುದಾದಲ್ಲಿ ಇದು ಮೀಟರಿನ ನಂತರದ, ಬಳಕೆದಾರರ ಸ್ವಂತ ಸ್ಥಾವರದ ಕೆಲಸವಾಗಿರುತ್ತದೆ, ಗುತ್ತಿಗೆದಾರರ ಮೂಲಕ ಮಾಡಿಸಿಕೊಳ್ಳಬೇಕು. ಹೊರೆ ಹೆಚ್ಚಿಸುವುದಾದಲ್ಲಿ ನಿಗದಿತ ಅರ್ಜಿ ಅಗತ್ಯ.

ಪ್ರಶ್ನೆ: ವೋಲ್ಟೇಜ್ ಏರುಪೇರಿನಿಂದ ಉಪಕರಣ ಸುಡುವುದನ್ನು ಇದು ತಡೆಯುತ್ತದೆಯೇ?
ಉತ್ತರ: ಇಲ್ಲ. ಅದಕ್ಕೆ ಸ್ಟೆಬಿಲೈಸರ್ ಮುಂತಾದ ಬೇರೆ ಸಾಧನಗಳಿವೆ.

ಪ್ರಶ್ನೆ: ವಿದ್ಯುತ್ ಹೋದಾಗ ಇನ್ವರ್ಟರ್ ಮಾರ್ಗಕ್ಕೆ ರಕ್ಷಣೆ ಇರುತ್ತದೆಯೇ?
ಉತ್ತರ: ಆರ್.ಸಿ.ಸಿ.ಬಿ.ಯು ಇನ್ವರ್ಟರಿಗಿಂತ ಹಿಂದೆ ಇದ್ದಲ್ಲಿ ಆ ವೇಳೆ ರಕ್ಷಣೆ ಇದೆ ಎಂದು ಭಾವಿಸುವಂತಿಲ್ಲ. ಪ್ರತ್ಯೇಕ ಸಾಧನದ ಅಗತ್ಯವನ್ನು ಗುತ್ತಿಗೆದಾರರಿಂದ ಪರಿಶೀಲಿಸಿಕೊಳ್ಳಬೇಕು.

ಪ್ರಶ್ನೆ: ಇಡೀ ಮನೆಗೆ ಒಂದೇ ಸಾಧನ ಸಾಕೇ?
ಉತ್ತರ: ಚಿಕ್ಕ ಮನೆಗೆ ಸಾಕು. ದೊಡ್ಡ ಮನೆಯಲ್ಲಿ ಗೀಸರ್, ಮೋಟಾರ್ ಮತ್ತು ಕೊಟ್ಟಿಗೆಯ ಮಾರ್ಗಗಳಿಗೆ ಪ್ರತ್ಯೇಕ ಸಾಧನ ಅಳವಡಿಸಿದಲ್ಲಿ, ಒಂದರ ದೋಷಕ್ಕೆ ಇಡೀ ಮನೆ ಕತ್ತಲಾಗುವುದಿಲ್ಲ.

12. ಅವಘಡ ಸಂಭವಿಸಿದಲ್ಲಿ

ಶಾಕ್ ತಗುಲಿದ ವ್ಯಕ್ತಿಯನ್ನು ಬರಿಗೈಯಿಂದ ಮುಟ್ಟಬಾರದು. ಮೊದಲು ಮೈನ್ ಸ್ವಿಚ್ ಆರಿಸಬೇಕು. ಸಾಧ್ಯವಾಗದಿದ್ದಲ್ಲಿ ಒಣಗಿದ ಮರದ ಕೋಲಿನಿಂದ ತಂತಿಯನ್ನು ಬೇರ್ಪಡಿಸಬೇಕು. ಕೂಡಲೇ 108 ಸಂಖ್ಯೆಗೆ ಕರೆ ಮಾಡಿ ಆಂಬ್ಯುಲೆನ್ಸ್ ತರಿಸಬೇಕು. ಪೂರೈಕೆ ಮಾರ್ಗದ ಅಪಾಯಗಳ ಬಗ್ಗೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಬೇಕು. ಮನುಷ್ಯರಿಗೆ ಅಥವಾ ಜಾನುವಾರುಗಳಿಗೆ ವಿದ್ಯುತ್ತಿನಿಂದ ಸಂಭವಿಸಿದ ಅಪಘಾತಗಳ ಸೂಚನೆ ಮತ್ತು ವಿಚಾರಣೆಗೆ ವಿದ್ಯುಚ್ಛಕ್ತಿ ಅಧಿನಿಯಮ, 2003ರ ಪ್ರಕರಣ 161ರಲ್ಲಿ ಅವಕಾಶ ಕಲ್ಪಿಸಲಾಗಿದೆ. ವಿಚಾರಣೆಗೆ ಅನುಕೂಲವಾಗುವಂತೆ, ಇನ್ನಷ್ಟು ಅಪಾಯ ತಪ್ಪಿಸಲು ಅಗತ್ಯವಾದುದನ್ನು ಹೊರತುಪಡಿಸಿ, ಸ್ಥಳದ ವೈರಿಂಗ್ ಮತ್ತು ಉಪಕರಣವನ್ನು ಬದಲಾಯಿಸಬಾರದು.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ ಇದ್ದು, ಅಧಿನಿಯಮ ಹಾಗೂ ವಿನಿಯಮಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ. ಇದನ್ನು ಓದಿದ ನಾಗರಿಕರು ಇಂದೇ ತಮ್ಮ ಮನೆಯ ಟೆಸ್ಟ್ ಗುಂಡಿಯನ್ನು ಒಮ್ಮೆ ಒತ್ತಿ ನೋಡಬೇಕಾಗಿ ಹಾಗೂ ಅಕ್ಕಪಕ್ಕದ ಮನೆಯವರಿಗೂ, ವಿಶೇಷವಾಗಿ ಒಂಟಿಯಾಗಿ ವಾಸಿಸುವ ಹಿರಿಯರಿಗೆ, ತಿಳಿಸಬೇಕಾಗಿ ಕೋರಲಾಗಿದೆ.